ಚಾಮುಂಡಮ್ಮನ ಠೇವಣಿ

ಬ್ಯಾಂಕಿನ ಯಂತ್ರ ಅವ್ವನ ಬೆರಳನ್ನು ಏಳು ಸಲ ಬೇಡವೆಂದಿತು.

ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು. ಆಮೇಲೆ ಎಡಗೈ. ಪ್ರತಿ ಸಲವೂ ಕೆಂಪು ದೀಪ. ಕೌಂಟರಿನಲ್ಲಿದ್ದ ಹುಡುಗಿಯ ಹೆಸರು ಕೀರ್ತಿ ಎಂದು ಎದೆಯ ಮೇಲಿನ ಬಿಲ್ಲೆಯಲ್ಲಿ ಬರೆದಿತ್ತು. ಅವಳು ಬಟ್ಟೆಯಿಂದ ಯಂತ್ರವನ್ನು ಒರೆಸಿದಳು. ಇನ್ನೊಂದು ಬೆರಳು ಇಡು ಎಂದು ಪೆನ್ನಿನ ತುದಿಯಿಂದ ತೋರಿಸಿದಳು. ಅವ್ವನ ಕೈಯನ್ನು ಮುಟ್ಟಲಿಲ್ಲ.

"ಕೈ ತೊಳ್ಕೊಂಡು ಬಾಮ್ಮ," ಅಂದಳು.

ಅವ್ವ ಮೂವತ್ತೊಂದು ವರ್ಷದಿಂದ ತೊಳೆಯುವುದನ್ನು ಬಿಟ್ಟು ಬೇರೇನೂ ಮಾಡಿಲ್ಲ. ಮೈಸೂರಿನ ಕಲ್ಯಾಣಮಂಟಪಗಳ ಹಿಂದೆ ಕೂತು ಮದುವೆಯ ಪಾತ್ರೆ ತೊಳೆಯುವುದು ಅವಳ ಕೆಲಸ. ಒಬ್ಬ ಮನುಷ್ಯ ಒಳಗೆ ಕೂರಬಹುದಾದ ಹಂಡೆಗಳು. ತಳ ಹತ್ತಿದ ಸಾರಿನ ಕೊಪ್ಪರಿಗೆಗಳು. ಅವುಗಳೊಳಗೆ ಸೊಂಟದವರೆಗೆ ಬಗ್ಗಿ ಕಬ್ಬಿಣದ ನಾರಿನಿಂದ ಕೆರೆಯಬೇಕು. ಜಿಡ್ಡು ಬಿಡದಿದ್ದರೆ ಸೋಡಾ ಹಾಕಬೇಕು. ಸೋಡಾ ಮೊದಲು ಜಿಡ್ಡನ್ನು ತಿನ್ನುತ್ತದೆ, ಆಮೇಲೆ ಚರ್ಮವನ್ನು. ಅವ್ವನ ಬೆರಳುಗಳಲ್ಲಿ ಗೆರೆಗಳಿಲ್ಲ. ನುಣ್ಣಗೆ, ಕೆಂಪಗೆ, ನಡುನಡುವೆ ಬಿರಿದು ಇವೆ. ನೀರಲ್ಲಿ ನೆನೆದು ಆದ ಕಾಲ್ಬೆರಳ ಸಂದಿಯ ಹುಣ್ಣು ಮಾಯುವ ಮೊದಲೇ ಇನ್ನೊಂದು ಮದುವೆ ಬರುತ್ತದೆ.

"ತೊಳ್ದೇ ಬಂದಿವ್ನಿ ಕಣವ್ವ," ಅಂದಳು ಅವ್ವ.

"ಹಾಗಾದ್ರೆ ಬೆರಳು ತಗೊಳ್ತಿಲ್ಲ. ನಾನೇನು ಮಾಡ್ಲಿ? ಬೆರಳು ತಗೊಳ್ದೆ ಖಾತೆ ಓಪನ್ ಆಗಲ್ಲ. ನೆಕ್ಸ್ಟ್."

ಅವ್ವನಿಗೆ ಆ ಬ್ಯಾಂಕಿನಲ್ಲಿ ಹಳೆಯ ಖಾತೆಯಿತ್ತು. ದಾಖಲೆ ಹೊಸದು ಮಾಡಿಸಿಲ್ಲವೆಂದು ಅದನ್ನು ನಿಲ್ಲಿಸಿದ್ದರು. ಸರ್ಕಾರ ಹೆಂಗಸರಿಗೆ ಕೊಡುವ ತಿಂಗಳ ಎರಡು ಸಾವಿರ ಅದಕ್ಕೇ ಬಂದು ಬೀಳುತ್ತಿತ್ತು. ತೆಗೆಯಲು ಆಗುತ್ತಿರಲಿಲ್ಲ. ಆಧಾರ್ ಕೇಂದ್ರಕ್ಕೆ ಹೋದರೆ ಅಲ್ಲೂ ಅದೇ ಬೆರಳು, ಅದೇ ಕೆಂಪು ದೀಪ. ಅವರು ಮತ್ತೆ ಬ್ಯಾಂಕಿಗೆ ಕಳಿಸಿದರು.

ಆ ದಿನ ಅವ್ವನ ಬಗಲಿನಲ್ಲಿ ಬಟ್ಟೆಯ ಚೀಲವೊಂದಿತ್ತು. ಅದರಲ್ಲಿ ಒಂದು ಲಕ್ಷ ಅರವತ್ತು ಸಾವಿರ ರೂಪಾಯಿ. ಒಂಬತ್ತು ವರ್ಷದ ದುಡಿಮೆ. ಅದನ್ನು ಹಾಗೇ ಬಗಲಿನಲ್ಲಿಟ್ಟುಕೊಂಡು ನಾವು ಮನೆಗೆ ವಾಪಸು ಬಂದೆವು.

ನಾನು ಸಿಂಚನ. ಅವಳ ಒಬ್ಬಳೇ ಮಗಳು. ಪಿಯುಸಿ ಮುಗಿಸಿ ಸೀರೆ ಅಂಗಡಿಯೊಂದರಲ್ಲಿ ಗಿರಾಕಿಗಳು ಬಿಚ್ಚಿಸಿ ಬಿಟ್ಟುಹೋದ ಸೀರೆಗಳನ್ನು ಮಡಚುತ್ತೇನೆ. ಅಪ್ಪ ಮಹದೇವು ನನಗೆ ಆರು ವರ್ಷವಿದ್ದಾಗ ತೀರಿಕೊಂಡ. ಶ್ರೀರಾಂಪುರದ ಹೊಸ ಬಡಾವಣೆಗಳು ಮುಗಿಯುವಲ್ಲಿ ನಮ್ಮ ಕೇರಿ. ಶೀಟು ಹಾಕಿದ ಒಂದು ಕೋಣೆಗೆ ಬಾಡಿಗೆ ಕಟ್ಟುತ್ತೇವೆ. ವಸತಿ ಬೋರ್ಡಿನವರು ಬಡವರಿಗೆ ಕಟ್ಟುತ್ತಿದ್ದ ಮನೆಗಳ ಪಟ್ಟಿಯಲ್ಲಿ ಅವ್ವನ ಹೆಸರಿತ್ತು. ನಮ್ಮ ಪಾಲಿನ ಹಣ ಒಂದು ಲಕ್ಷ ಎಪ್ಪತ್ತೈದು ಸಾವಿರ. ಪತ್ರ ಬಂದ ಹದಿನೈದು ದಿನದೊಳಗೆ ಕಟ್ಟಬೇಕು. ಇಲ್ಲದಿದ್ದರೆ ಮುಂದಿನವರಿಗೆ. ಅವ್ವ ಎಲೆ ಅಡಿಕೆ ಬಿಟ್ಟಳು. ಚಪ್ಪಲಿ ಬಿಟ್ಟಳು. ಮಂಡಿ ಊದಿದಾಗ ಆಸ್ಪತ್ರೆ ಬಿಟ್ಟಳು. ಬಿಟ್ಟದ್ದೆಲ್ಲ ಆ ಚೀಲದಲ್ಲಿತ್ತು.

ಎಲ್ಲಿಡುವುದು ಎಂಬುದೇ ಆ ವರ್ಷದ ಚಿಂತೆಯಾಯಿತು.

ಮನೆಯಲ್ಲಿಡುವಂತಿರಲಿಲ್ಲ. ತಗಡಿನ ಬಾಗಿಲು, ಒಂದು ಒದೆಗೆ ಬೀಳುತ್ತದೆ. ಹಿಂದೊಮ್ಮೆ ನೋಟು ರದ್ದಾದಾಗ ಅವ್ವ ಹನ್ನೆರಡು ಸಾವಿರ ತಗೊಂಡು ಮೂರು ದಿನ ಬಿಸಿಲಲ್ಲಿ ನಿಂತಿದ್ದಳು. ಕೊನೆಗೆ ಕಮಿಷನ್ನಿನವನಿಗೆ ಕೊಟ್ಟು ಎಂಟು ಸಾವಿರ ತಂದಳು. ಈಗ ಮತ್ತೆ ನೋಟು ಹೋಗುತ್ತದಂತೆ ಎಂದು ಮೊಬೈಲಿನಲ್ಲಿ ಯಾರೋ ಹೇಳುತ್ತಿದ್ದರು. ಸರ್ಕಾರ ಬೀಳುತ್ತದೆ, ಎರಡು ಸಾವಿರ ನಿಲ್ಲುತ್ತದೆ ಎಂದು ಇನ್ಯಾರೋ. ಗಡಿಯಲ್ಲಿ ಯುದ್ಧವಂತೆ. ಎಣ್ಣೆಯ ರೇಟು ವಾರಕ್ಕೊಂದು ಹೇಳುತ್ತಿದ್ದರು.

ಚಿನ್ನ ತಗೊಳ್ಳೋಣ ಎಂದು ಒಂದು ದಿನ ಹೋದೆವು. ಹತ್ತು ಗ್ರಾಂ ಲಕ್ಷದ ಹತ್ತಿರ ನಿಂತಿತ್ತು. ಕೂಲಿ ಬೇರೆ, ತೆರಿಗೆ ಬೇರೆ. ಅಂಗಡಿಯವನು ನಮಗೆ ಬಾಗಿಲ ಬಳಿ ಪ್ಲಾಸ್ಟಿಕ್ ಸ್ಟೂಲು ಹಾಕಿಸಿದ. ಬಳೆ ನೋಡಲು ಕೇಳಿದರೆ ಗಾಜಿನ ಒಳಗಿಂದಲೇ ತೋರಿಸಿದ. "ಮಾರಕ್ಕೆ ಬಂದಾಗ ಇವ್ನು ಬೆಲೆ ಕಟ್ಟಾನೋ, ಪೊಲೀಸ್ನ ಕರ್ದಾನೋ," ಅಂದಳು ಅವ್ವ. ಎದ್ದು ಬಂದೆವು.

ನನ್ನ ಖಾತೆಗೆ ಹಾಕೋಣ ಎಂದೆ. ನನ್ನ ಸಂಬಳ ಬರುತ್ತಿದ್ದದ್ದು ಒಂದು ಸಣ್ಣ ಬ್ಯಾಂಕಿಗೆ. ಅದೇ ವಾರ ಅದರ ಬಾಗಿಲಿಗೆ ಚೀಟಿ ಅಂಟಿಸಿದರು. ಒಬ್ಬರು ಹತ್ತು ಸಾವಿರಕ್ಕಿಂತ ಹೆಚ್ಚು ತೆಗೆಯುವ ಹಾಗಿಲ್ಲ. ಬೆಳಿಗ್ಗೆ ಆರಕ್ಕೇ ಸಾಲು. ಪೆನ್ಷನ್ನಿನ ಮುದುಕರು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಅವ್ವ ರಸ್ತೆಯ ಆಚೆ ನಿಂತು ಅದನ್ನು ನೋಡಿದಳು. ಆಮೇಲೆ ಬ್ಯಾಂಕಿನ ಮಾತೆತ್ತಲಿಲ್ಲ.

ಆಗ ಶಿವಲಿಂಗಯ್ಯ ಕೇಳಿದರು.

ಅವ್ವ ಹೆಚ್ಚಾಗಿ ಕೆಲಸ ಮಾಡುತ್ತಿದ್ದ ಕಲ್ಯಾಣಮಂಟಪ ಅವರದು. ಯಾದವಗಿರಿಯಲ್ಲಿ ಬಂಗಲೆ. ಒಂದು ಪತ್ತಿನ ಸಹಕಾರ ಸಂಘಕ್ಕೆ ಅಧ್ಯಕ್ಷರು. ಹಣೆಯಲ್ಲಿ ವಿಭೂತಿ, ಬಿಳಿ ಪಂಚೆ, ಮೆತ್ತಗಿನ ಮಾತು. ಒಂದು ಮಧ್ಯಾಹ್ನ ಪಾತ್ರೆ ತೊಳೆಯುವ ಜಾಗಕ್ಕೆ ಬಂದು ಮೂಗಿಗೆ ಕರವಸ್ತ್ರ ಹಿಡಿದು ನಿಂತರು. ಹೆಂಗಸರಿಗೆ ಕೆಲಸ ಹಂಚುವ ಮೇಸ್ತ್ರಿ ಪುಟ್ಟಸ್ವಾಮಿ ಅವರಿಗೆ ಮೊದಲೇ ವಿಷಯ ಹೇಳಿದ್ದ.

"ಏನು ಚಾಮುಂಡಿ, ದುಡ್ಡು ಇಡಕ್ಕೆ ಜಾಗ ಇಲ್ವಂತೆ?"

"ಊಂ ಬುದ್ದಿ. ಬ್ಯಾಂಕ್ನೋರು ಬೆರಳು ಆಗಲ್ಲ ಅಂತಾರೆ."

"ನನಗೆ ಬೆರಳೂ ಬೇಡ, ಮಿಷನ್ನೂ ಬೇಡ. ಮೂವತ್ತು ವರ್ಷದಿಂದ ನಿನ್ನ ಮುಖ ನೋಡಿದೀನಿ, ನೀನು ನನ್ನ ಮುಖ ನೋಡಿದೀಯ. ಸರ್ಕಾರ ಇವತ್ತಿರುತ್ತೆ, ನಾಳೆ ಇರಲ್ಲ. ಬ್ಯಾಂಕು ಅಂದ್ರೆ ಎಲ್ಲೋ ದಿಲ್ಲೀಲಿ ಕೂತಿರೋರು. ನಾನೆಲ್ಲಿ ಹೋಗ್ತೀನಿ ಹೇಳು? ಇಲ್ಲೇ ಇರ್ತೀನಿ. ನೂರಕ್ಕೆ ಹತ್ತು ಬಡ್ಡಿ. ಯಾವಾಗ ಬೇಕೋ ಆವಾಗ ವಾಪಸ್ಸು."

ಅವ್ವ ಒಂದು ವಾರ ಯೋಚಿಸಿದಳು. ಅವಳ ಜೊತೆ ಪಾತ್ರೆ ತೊಳೆಯುವ ಶಿವನಂಜಮ್ಮ, "ಅವರಿಗೆ ನಮ್ ದುಡ್ಡು ಯಾವ ಲೆಕ್ಕ ಬುಡಕ್ಕ, ಕೋಟಿ ಕೋಟಿ ಇಟ್ಟೋರು," ಅಂದಳು. ಅವ್ವ ನನ್ನ ಮುಖ ನೋಡಿದಳು. ಓದಿದವಳು ನಾನು. ಸಂಘದ ಫಾರಂ ಓದಿದೆ. ಎಲ್ಲ ಸರಿಯಿದೆ ಎಂದು ಹೇಳಿದೆ. ಅದರಲ್ಲಿ ಸಣ್ಣ ಅಕ್ಷರದಲ್ಲಿ 'ನಾಮಮಾತ್ರ ಸದಸ್ಯರು' ಎಂದಿತ್ತು. ಹಾಗೆಂದರೇನು ಎಂದು ನಾನು ಕೇಳಲಿಲ್ಲ.

ಸಂಘದ ಗುಮಾಸ್ತ ಸ್ವರೂಪ್ ಹಣ ಎಣಿಸಿಕೊಂಡು ನೀಲಿ ಪಾಸ್‌ಬುಕ್ ಕೊಟ್ಟ. ಆ ದಿನ ಅವ್ವ ನಿರಾಳವಾಗಿ ನಿದ್ದೆ ಮಾಡಿದಳು. ಎಷ್ಟೋ ತಿಂಗಳಿಂದ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿದ್ದವಳು ಅಂದು ಕೈಕಾಲು ಚಾಚಿ ಮಲಗಿದ್ದನ್ನು ನಾನು ನೋಡಿದೆ.

ಐದು ತಿಂಗಳು ಕಳೆಯಿತು. ಕಾರ್ತಿಕದ ಒಂದು ಗುರುವಾರ ಶಿವಲಿಂಗಯ್ಯನವರ ಮಗಳು ಲಾಸ್ಯಳ ನಿಶ್ಚಿತಾರ್ಥ. ಯಾದವಗಿರಿಯ ಮನೆಯಲ್ಲೇ ಮುನ್ನೂರು ಜನಕ್ಕೆ ಊಟ. ಅವ್ವ, ಶಿವನಂಜಮ್ಮ, ಇನ್ನಿಬ್ಬರು ಬೆಳಿಗ್ಗೆ ಐದಕ್ಕೇ ಹೋದರು. ನನಗೆ ರಜೆಯಿತ್ತು. ಸಹಾಯಕ್ಕೆಂದು ನಾನೂ ಹೋದೆ. ಸಂಜೆ ನಾಲ್ಕರವರೆಗೆ ತೊಳೆದೆವು. ನಮ್ಮ ಊಟವನ್ನು ಹಿಂದಿನ ಗೋಡೆಯ ಮೇಲೆ ಇಟ್ಟು ಹೋದರು. ಅನ್ನದ ಮೇಲೆ ಸಾರು, ಸಾರಿನ ಮೇಲೆ ಪಾಯಸ, ಎಲ್ಲ ಒಂದೇ ತಟ್ಟೆಯಲ್ಲಿ.

ಕೂಲಿ ಕೊಡಲು ಶಿವಲಿಂಗಯ್ಯ ತಾವೇ ಬಂದರು. ಅವ್ವ ಸೆರಗಿನ ಗಂಟು ಬಿಚ್ಚಿದಳು. ಐದು ತಿಂಗಳಲ್ಲಿ ಕೂಡಿಸಿದ ಹದಿನೈದು ಸಾವಿರ ಅದರಲ್ಲಿತ್ತು.

"ಬುದ್ದಿ, ಇದ್ನೂ ಅದ್ರೊಳೀಕೆ ಸೇರ್ಸಿ. ಮನೆ ದುಡ್ಡು ಪೂರಾ ಆಯ್ತದೆ."

ಅವರು ಒಂದು ಗಳಿಗೆ ಆ ನೋಟುಗಳನ್ನು ನೋಡಿದರು. ನಾನು ಎರಡು ಮಾರು ದೂರದಲ್ಲಿದ್ದೆ. ಅವರ ಮುಖ ನನಗೆ ಈಗಲೂ ಕಾಣುತ್ತದೆ. ಬೇಡ ಎನ್ನಬಹುದಿತ್ತು. ನಾಳೆ ಕೊಡು ಎನ್ನಬಹುದಿತ್ತು. ಏನೂ ಅನ್ನದೆ ಸುಮ್ಮನೆ ಒಳಗೆ ಹೋಗಬಹುದಿತ್ತು.

"ಒಳ್ಳೇದು ಕಣಮ್ಮ," ಎಂದು ತಗೊಂಡರು. ಪಾಸ್‌ಬುಕ್ಕಿನಲ್ಲಿ ತಮ್ಮ ಕೈಯಿಂದಲೇ ಬರೆದು ಸಹಿ ಹಾಕಿದರು.

ದಾರಿಯುದ್ದಕ್ಕೂ ಅವ್ವ ಮಾತಾಡಿದಳು. ಯಾವತ್ತೂ ಅಷ್ಟು ಮಾತಾಡಿದವಳಲ್ಲ. "ಮುಗೀತು ಕಣ್ ಮಗ. ಇನ್ ಪತ್ರ ಬರದೊಂದೇ ಬಾಕಿ. ಮೊದ್ಲು ಬಾಗ್ಲಿಗೆ ಚಿಲ್ಕ ಹಾಕ್ಸನ. ಗಟ್ಟಿ ಚಿಲ್ಕ."

ಸೋಮವಾರ ಸಂಘದ ಬಾಗಿಲು ತೆರೆಯಲಿಲ್ಲ.

ಸ್ವರೂಪ್‌ನನ್ನು ಹುಡುಕಿಕೊಂಡು ನಾನು ಇಲವಾಲದ ಅವನ ಮನೆಗೆ ಹೋದೆ. ಅವನಿಗೂ ಆರು ತಿಂಗಳಿಂದ ಸಂಬಳವಿರಲಿಲ್ಲ. ಹೆದರಿದ್ದ. ಬಾಗಿಲನ್ನು ಅರ್ಧ ತೆರೆದೇ ಮಾತಾಡಿದ.

"ದುಡ್ಡಿಲ್ಲ ಸಿಂಚನಾ. ಮಂಟಪ ರಿಪೇರಿ, ಜಮೀನು ಅಂತ ಅಧ್ಯಕ್ಷರ ಮನೆಯೋರೇ ಸಾಲ ಎತ್ತಿದ್ರು. ಕಟ್ಟಲಿಲ್ಲ. ಒಂದು ತಿಂಗಳ ಹಿಂದೇನೇ ಅವರಿಗೆ ಎಲ್ಲಾ ಗೊತ್ತಿತ್ತು. ನೆಂಟರು, ಬೇಕಾದೋರು ಎಲ್ಲ ಬುಧವಾರದೊಳಗೆ ಅವರವರ ಠೇವಣಿ ತಗೊಂಡ್ರು. ನಾನೇ ಚೆಕ್ ಬರ್ದೆ. ಬುಧವಾರ ಸಾಯಂಕಾಲಕ್ಕೆ ಪೆಟ್ಟಿಗೆ ಖಾಲಿ."

"ಗುರುವಾರ ಅವ್ವನ ಹತ್ರ ಹದಿನೈದು ಸಾವಿರ ಇಸ್ಕೊಂಡ್ರು."

ಸ್ವರೂಪ್ ನೆಲ ನೋಡಿದ. "ಅದು ಸಂಘಕ್ಕೆ ಬರ್ಲೇ ಇಲ್ಲ," ಅಂದ. ಬಾಗಿಲು ಹಾಕಿಕೊಂಡ.

ಮನೆಗೆ ಬಂದು ಹೇಳಿದೆ. ಅವ್ವ ಕೂಗಲಿಲ್ಲ. ಗೋಡೆಗೆ ಒರಗಿ ಕೂತಳು. "ಅವತ್ತು ಹಂಡೆ ತಳ ಭಾಳಾ ಹತ್ತಿತ್ತು. ಕೆರ್ದೂ ಕೆರ್ದೂ ರಟ್ಟೆ ಬಿದ್ದೋಗಿತ್ತು," ಅಂದಳು. ಅಷ್ಟೇ.

ಇನ್ನೂರಕ್ಕೂ ಹೆಚ್ಚು ಜನ ಠೇವಣಿ ಇಟ್ಟಿದ್ದರು. ಮುಂದಿನ ಭಾನುವಾರ ಕಲ್ಯಾಣಮಂಟಪದಲ್ಲೇ ಸಭೆ ಕರೆದರು. ನಾವೂ ಹೋದೆವು. ಬಾಗಿಲಲ್ಲಿ ಪಟ್ಟಿ ಹಿಡಿದು ಶಿವಲಿಂಗಯ್ಯನವರ ಭಾಮೈದ ವಿಶ್ವನಾಥ್ ನಿಂತಿದ್ದ.

"ನಾಮಮಾತ್ರ ಸದಸ್ಯರಿಗೆ ಸಭೆಗೆ ಬರೋ ಹಕ್ಕಿಲ್ಲ. ಆಚೆ ಇರಿ."

ಆಚೆ ಇದ್ದವರು ಇಪ್ಪತ್ತು ಜನ. ಪಾತ್ರೆ ತೊಳೆಯುವವರು, ಹೂ ಕಟ್ಟುವವರು, ಒಬ್ಬ ಚಪ್ಪಲಿ ಹೊಲಿಯುವವ. ಒಳಗೆ ಕುರ್ಚಿ, ಫ್ಯಾನು, ಕಾಫಿ. ಕಿಟಕಿಯಿಂದ ಕೇಳಿಸುತ್ತಿತ್ತು. ಮಾರುಕಟ್ಟೆ ಬಿದ್ದಿದೆ, ಸರ್ಕಾರದ ನೀತಿ ಸರಿಯಿಲ್ಲ, ಕಾಲ ಕೆಟ್ಟಿದೆ, ಸ್ವಲ್ಪ ತಾಳ್ಮೆಯಿರಲಿ ಎಂದು ಶಿವಲಿಂಗಯ್ಯ ಮೆತ್ತಗೆ ಹೇಳುತ್ತಿದ್ದರು. ಒಳಗಿನವರು ನಮ್ಮನ್ನು ಕಿಟಕಿಯಿಂದ ನೋಡಿದರು. ಮತ್ತೆ ಆ ಕಡೆ ತಿರುಗಿದರು. 'ಅವರನ್ನೂ ಒಳಗೆ ಕರೆಯಿರಿ' ಎಂದು ಯಾರೂ ಅನ್ನಲಿಲ್ಲ.

ಸಭೆ ಮುಗಿದು ಶಿವಲಿಂಗಯ್ಯ ಕಾರಿಗೆ ಹೋಗುವಾಗ ಅವ್ವ ಅಡ್ಡ ನಿಂತಳು. ಕೈ ಮುಗಿದಳು. ಹೌದು, ಕೈ ಮುಗಿದಳು.

"ಬುದ್ದಿ, ಪತ್ರ ಬಂದ್ರೆ ಹದಿನೈದು ದಿನ ಟೈಮು ಕೊಡೋದು. ನಂದೊಂದ್ ಕೊಟ್ಬುಡಿ."

"ಒಂಬತ್ತು ಲಕ್ಷ ಇಟ್ಟೋರೇ ಸುಮ್ನಿದಾರೆ. ನಿಂದೇನು ಮಹಾ?" ಕಾರಿನ ಬಾಗಿಲು ಮುಚ್ಚಿತು.

ಡಿಸೆಂಬರಿನಲ್ಲಿ ಬೋರ್ಡಿನ ಪತ್ರ ಬಂತು. ಮೂರನೇ ಮಹಡಿ, ಮೂಲೆ ಮನೆ. ಹದಿನೈದು ದಿನ ನಾವು ಯಾರ್ಯಾರ ಬಾಗಿಲಿಗೆ ಹೋದೆವೆಂದು ಹೇಳಲಾರೆ. ನಲವತ್ತು ಸಾವಿರದ ಮೇಲೆ ಹುಟ್ಟಲಿಲ್ಲ. ಹದಿನಾರನೇ ದಿನ ಕಚೇರಿಗೆ ಹೋಗಿ ಸಂಘದ ಪಾಸ್‌ಬುಕ್ ತೋರಿಸಿದೆವು. ಅಧಿಕಾರಿ ಅದನ್ನು ತಿರುವಿ ನೋಡಿದ.

"ಇದು ಪುಸ್ತಕ ಕಣಮ್ಮ. ನಮಗೆ ದುಡ್ಡು ಬೇಕು. ಅಷ್ಟು ದುಡ್ಡಿದ್ದೋಳು ನೆಟ್ಟಗೆ ಬ್ಯಾಂಕಲ್ಲಿ ಇಡಕ್ಕೆ ಏನು ರೋಗ?"

ಅವ್ವ ಪುಸ್ತಕ ವಾಪಸು ತಗೊಂಡಳು. ಮೂಲೆ ಮನೆ ಪಟ್ಟಿಯಲ್ಲಿದ್ದ ಮುಂದಿನವರಿಗೆ ಹೋಯಿತು.

ಮಾಘದಲ್ಲಿ ಲಾಸ್ಯಳ ಮದುವೆ ಅವರದೇ ಕಲ್ಯಾಣಮಂಟಪದಲ್ಲಿ ಗೊತ್ತಾಯಿತು. ಪುಟ್ಟಸ್ವಾಮಿ ಮನೆಗೆ ಬಂದ. ಹೊಸ್ತಿಲ ಮೇಲೆ ಕೂತು ಬೀಡಿ ಹಚ್ಚಿದ. ಅವನೂ ನಮ್ಮವನೇ, ಹಿಂದಿನ ಬೀದಿಯವನು.

"ಅಕ್ಕ, ಎರಡು ಸಾವ್ರ ಜನದ ಅಡ್ಗೆ. ನೀ ಇಲ್ದೆ ಆಗಲ್ಲ ಅಂದವ್ರೆ. ಕೂಲಿ ಡಬ್ಬಲ್ ಕೊಟ್ಟಾರು. ಮೇಲೆ ಹತ್ತು ಸಾವ್ರ ಕೈಯಿಂದ ಕೊಡ್ತಾರಂತೆ. ಎಲ್ಲಾ ದುಡ್ಡು ಬಂತು ಅಂತ ಒಂದು ಕಾಗ್ದಕ್ಕೆ ಹೆಬ್ಬೆಟ್ಟು ಒತ್ಬುಡು. ಓಗಿದ್ದು ಓಯ್ತು. ದೊಡ್ಡೋರ ಜೊತೆ ಕಟ್ಕೊಂಡು ಏನ್ ಗೇಯಕ್ಕಾದದು?"

ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಮದ್ವೆಗೆ ಬತ್ತೀನಿ ಅಂತ ಯೋಳು," ಅಂದಳು.

ಪುಟ್ಟಸ್ವಾಮಿಗೆ ಸಮಾಧಾನವಾಯಿತು. ಹೋದ.

ಮದುವೆಯ ದಿನ ಅವ್ವ ತಲೆಗೆ ನೀರು ಹಾಕಿಕೊಂಡಳು. ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟಳು. ಕೆಲಸಕ್ಕೆ ಯಾವತ್ತೂ ಉಡದ ಸೀರೆ. ಆಗ ನನಗೆ ಅರ್ಥವಾಯಿತು.

"ಬ್ಯಾಡ ಕಣವ್ವ," ಅಂದೆ.

"ನೀ ಬರ್ಬ್ಯಾಡ. ನಿನ್ ಕೆಲ್ಸ ಓಗ್ಬುಟ್ಟದು."

ನಾನೂ ಹೋದೆ. ಮೂವತ್ತೊಂದು ವರ್ಷ ಅವಳು ಆ ಮಂಟಪಕ್ಕೆ ಹಿಂದಿನ ಸಂದಿಯಿಂದ ಹೋದವಳು. ಅವತ್ತು ಮುಂದಿನ ಬಾಗಿಲಿಂದ ಹೋದಳು. ಪನ್ನೀರು ಎರಚುವ ಹುಡುಗಿಯರು ಅವಳಿಗೂ ಎರಚಿದರು. ಯಾರಿಗೂ ಗುರುತು ಸಿಗಲಿಲ್ಲ. ನೇರ ಊಟದ ಹಾಲಿಗೆ ಹೋಗಿ ಮೊದಲ ಪಂಕ್ತಿಯಲ್ಲಿ ಕೂತಳು. ಎಲೆ ಹಾಕಿದ್ದರು. ನೀರು ಚಿಮುಕಿಸಿ ಎಲೆ ಒರೆಸಿದಳು.

ನಾನು ಕೂರಲಿಲ್ಲ. ಹೆದರಿದೆ. ಬಾಗಿಲ ಬಳಿ ನಿಂತುಬಿಟ್ಟೆ. ಇದನ್ನು ಬರೆಯದೆ ಉಳಿದದ್ದನ್ನು ಬರೆಯುವುದು ಸರಿಯಲ್ಲ.

ಉಪ್ಪು ಬಂತು. ಪಲ್ಯ, ಕೋಸಂಬರಿ ಬಂತು. ಅನ್ನ ಬಂತು. ಅನ್ನ ಬಡಿಸುವವನು ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದ. ಅವನು ದಿನಾ ಪಾತ್ರೆ ತಂದು ಅವ್ವನ ಮುಂದೆ ಇಳಿಸುವವನು. ಅಡುಗೆ ಮನೆಗೆ ಹೋದ. ಪುಟ್ಟಸ್ವಾಮಿ ಓಡಿ ಬಂದ.

"ಅಕ್ಕ, ಏಳು. ಕಾಲ್ ಇಡ್ಕೊತೀನಿ, ಏಳು."

"ಕೆಲ್ಸಕ್ಕೆ ಬಂದಿಲ್ಲ ಕಣ್ ಪುಟ್ಟಸ್ವಾಮಿ. ಮದ್ವೆಗೆ ಬತ್ತೀನಿ ಅಂದಿದ್ದೆ, ಬಂದಿವ್ನಿ."

ಪಕ್ಕದವರಿಗೆ ಕೇಳಿಸಿತು. ಪಕ್ಕದವರು ಅದರ ಪಕ್ಕದವರಿಗೆ ಹೇಳಿದರು. ಒಬ್ಬ ಹೆಂಗಸು ಸೆರಗು ಸರಿಮಾಡಿಕೊಂಡು ಎದ್ದಳು. ಅವಳ ಗಂಡ ಎದ್ದ. ಆ ಸಾಲು ಪೂರ್ತಿ ಎದ್ದಿತು. ಬಡಿಸಿದ ನಲವತ್ತು ಎಲೆಗಳ ನಡುವೆ ಅವ್ವ ಒಬ್ಬಳೇ ಕೂತು ಪಲ್ಯಕ್ಕೆ ಅನ್ನ ಕಲಸುತ್ತಿದ್ದಳು.

ವಿಶ್ವನಾಥ್ ಬಂದ. ಬರುತ್ತಲೇ ಜಾತಿ ಹಿಡಿದು ಬೈದ. ನೂರಾರು ಜನರ ಮುಂದೆ, ಗಟ್ಟಿಯಾಗಿ. ಯಾರದೋ ಮೊಬೈಲು ಮೇಲೆದ್ದಿತು. ಶಿವಲಿಂಗಯ್ಯ ಅವನನ್ನು ಹಿಂದೆ ತಳ್ಳಿ ಮುಂದೆ ಬಂದರು. ರೇಷ್ಮೆ ಪಂಚೆ, ಹೆಗಲ ಮೇಲೆ ಜರಿ ಶಲ್ಯ. ಬಗ್ಗಿ ಮೆತ್ತಗೆ ಕೇಳಿದರು.

"ಏನು ಬೇಕು ನಿನಗೆ?"

"ಸಾರು ಇನ್ನೂ ಬಂದಿಲ್ಲ, ಶಿವಲಿಂಗಯ್ಯ."

ಬುದ್ದಿ ಎನ್ನಲಿಲ್ಲ. ಬರೀ ಹೆಸರು. ಅವರ ಮುಖಕ್ಕೆ ರಕ್ತ ನುಗ್ಗಿತು.

"ನಿನ್ನ ದುಡ್ಡು ಕೊಡ್ತೀನಿ ಅಂದಿದೀನಲ್ಲ. ಶುಭಕಾರ್ಯ ಕೆಡಿಸಬೇಡ. ಎದ್ದು ಹೋಗು."

"ದುಡ್ಡು ಕೇಳಕ್ಕೆ ಬಂದಿಲ್ಲ. ಒಂದ್ ಲಕ್ಷದ ಎಪ್ಪತ್ತೈದು ಸಾವ್ರ ಕೊಟ್ಟಿವ್ನಿ, ಊಟ ಮಾಡಕ್ಕೆ ಬಂದಿವ್ನಿ. ಈ ಚಪ್ರದಲ್ಲಿ ನಂದೂ ಅದೆ. ಆ ಮಗಾ ಉಟ್ಟಿರೋ ಸೀರೇಲಿ ನಂದೂ ಅದೆ. ಸಾರು ಆಕ್ಸಿ."

ವಿಶ್ವನಾಥ್ ಎಲೆಯ ತುದಿ ಹಿಡಿದು ಎಳೆದ. ಅನ್ನ, ಪಲ್ಯ, ಎಲ್ಲ ಅವಳ ಮಡಿಲಿಗೆ ಬಿತ್ತು. ಹಸಿರು ಸೀರೆ ಕಲೆಯಾಯಿತು. ಅವ್ವ ಏಳಲಿಲ್ಲ. ಮಡಿಲಿನ ಅನ್ನವನ್ನು ಒಟ್ಟು ಮಾಡಿ ಬಾಯಿಗಿಟ್ಟಳು. ಅಗಿದಳು. ನುಂಗಿದಳು. ಮತ್ತೊಂದು ತುತ್ತು. ಆಚೆ ಓಲಗ ಊದುತ್ತಿದ್ದರು.

ಹಿಂದಿನ ಬಾಗಿಲಲ್ಲಿ ಶಿವನಂಜಮ್ಮ ಮತ್ತು ಇತರ ಹೆಂಗಸರು ಸೋಪಿನ ಕೈಯಲ್ಲಿ ನಿಂತು ನೋಡುತ್ತಿದ್ದರು. ನನ್ನ ಕಣ್ಣು ಅವರ ಕಡೆ ಹೋಯಿತು. ಅವರು ಬರುತ್ತಾರೆಂದು ಅಂದುಕೊಂಡೆ. ಶಿವನಂಜಮ್ಮ ಒಂದು ಹೆಜ್ಜೆ ಮುಂದಿಟ್ಟಳು ಕೂಡ. "ಇವತ್ತಿನ್ ಕೂಲಿ ಬೇಡ್ವಾ?" ಎಂದು ಪುಟ್ಟಸ್ವಾಮಿ ಗದರಿದ. ಹೋದರು. ಸ್ವಲ್ಪ ಹೊತ್ತಿಗೆ ಪಾತ್ರೆ ಉಜ್ಜುವ ಸದ್ದು ಶುರುವಾಯಿತು.

ಕಾವಲಿನವರು ಇಬ್ಬರು ಅವ್ವನ ರಟ್ಟೆ ಹಿಡಿದು ಎಬ್ಬಿಸಿದರು. ಅವಳು ಕಾಲು ಊರಲಿಲ್ಲ. ನೆಲದ ಮೇಲೆ ಎಳೆದುಕೊಂಡು ಹೋದರು. ಆಗ ನಾನು ಬಾಗಿಲು ಬಿಟ್ಟೆ. ಓಡಿ ಹೋಗಿ ಒಬ್ಬನ ಕೈ ಕಚ್ಚಿದೆ. ಅವನು ಹೊಡೆದ ಏಟಿಗೆ ನನ್ನ ತುಟಿ ಒಡೆಯಿತು. ಪೊಲೀಸರನ್ನು ಕರೆಸಿ ಇಬ್ಬರನ್ನೂ ಜೀಪಿಗೆ ಹಾಕಿದರು.

ಸ್ಟೇಷನ್ನಿನಲ್ಲಿ ಅವ್ವನನ್ನು ಬಾಗಿಲ ಪಕ್ಕ ನೆಲದ ಮೇಲೆ ಕೂರಿಸಿದರು. ಸೀರೆಯ ಮೇಲಿನ ಅನ್ನ ಒಣಗಿ ಅಂಟಿಕೊಂಡಿತ್ತು. ಕರೆಯದ ಮದುವೆಗೆ ನುಗ್ಗಿ ಗಲಾಟೆ ಮಾಡಿದೆ, ತಪ್ಪಾಯಿತು, ಇನ್ನು ಮಾಡುವುದಿಲ್ಲ ಎಂದು ಎಸ್‌ಐ ಒಂದು ಕಾಗದ ಬರೆಸಿದ. ಅಲ್ಲಿ ಯಂತ್ರವಿರಲಿಲ್ಲ. ಮಸಿಯ ಡಬ್ಬಿಯಿತ್ತು.

"ಒತ್ತು ಹೆಬ್ಬೆಟ್ಟು."

"ಗಲಾಟೆ ಮಾಡಿಲ್ಲ ಸಾ. ಉಣ್ತಾ ಇದ್ದೆ."

"ಒತ್ತಿದ್ರೆ ಮನೆಗೆ ಹೋಗ್ತೀಯ. ಇಲ್ದಿದ್ರೆ ಮಗಳ ಮೇಲೂ ಕೇಸಾಗುತ್ತೆ. ಕೈ ಕಚ್ಚಿದಾಳೆ."

ಅವ್ವ ನನ್ನನ್ನು ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಅವಳು ಎರಡೂ ಕೈಯನ್ನು ಕಂಕುಳೊಳಗೆ ಸೇರಿಸಿಕೊಂಡು ಕೂತಳು. ಐದು ಗಂಟೆಯವರೆಗೂ ಕೂತಳು. ನೀರು ಕೇಳಿದರೆ ಕೊಡಲಿಲ್ಲ. ಮಗಳ ಮದುವೆಯ ದಿನ ವಿಷಯ ದೊಡ್ಡದಾಗುವುದು ಬೇಡವೆಂದು ಶಿವಲಿಂಗಯ್ಯನ ಕಡೆಯಿಂದ ಫೋನು ಬಂತು. ಬಿಟ್ಟುಬಿಟ್ಟರು. ಹೊರಡುವಾಗ, ನನ್ನ ದುಡ್ಡು ತಿಂದಿದ್ದಾರೆ, ಅದನ್ನು ಬರೆದುಕೊಳ್ಳಿ ಎಂದು ಅವ್ವ ಕೇಳಿದಳು. ಅದು ಸಂಘದ ವಿಷಯ, ಸಹಕಾರ ಇಲಾಖೆಗೆ ಹೋಗು ಎಂದು ಎಸ್‌ಐ ಬೆನ್ನು ತಿರುಗಿಸಿದ.

ಆಮೇಲೆ ಮೈಸೂರಿನ ಯಾವ ಮಂಟಪವೂ ಅವ್ವನನ್ನು ಕರೆಯಲಿಲ್ಲ. ಮಾಘ, ಫಾಲ್ಗುಣ, ದಿನಕ್ಕೆ ಹತ್ತು ಮದುವೆ ಊರಿನಲ್ಲಿ. ಪುಟ್ಟಸ್ವಾಮಿ ನಮ್ಮ ಬೀದಿಯಲ್ಲಿ ಬಂದರೆ ತಲೆ ತಗ್ಗಿಸಿ ಹೋಗುತ್ತಿದ್ದ. ಅಂಗಡಿಯಲ್ಲಿ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಗೋದಾಮಿಗೆ ಹಾಕಿದರು. ಗಿರಾಕಿಗಳ ಕಣ್ಣಿಗೆ ಬೀಳಬೇಡ ಎಂದರು. ಅವ್ವ ಶ್ರೀರಾಂಪುರದಲ್ಲಿ ಕಟ್ಟುತ್ತಿರುವ ಮನೆಗಳಿಗೆ ಇಟ್ಟಿಗೆ ಹೊರಲು ಹೋದಳು. ಊದಿದ ಮಂಡಿಯಲ್ಲಿ ಎರಡು ಮಹಡಿ ಹತ್ತಿ ಇಳಿಯುತ್ತಿದ್ದಳು. ಶಿವನಂಜಮ್ಮ ಒಂದು ಸಂಜೆ ಬಂದು ಬಾಗಿಲ ಹೊರಗೆ ನಿಂತು ಅತ್ತಳು. ಅವಳ ನಲವತ್ತು ಸಾವಿರವೂ ಅಲ್ಲೇ ಇತ್ತಂತೆ. ಗಂಡನಿಗೂ ಹೇಳಿರಲಿಲ್ಲವಂತೆ. ಅವ್ವ ಅವಳನ್ನು ಒಳಗೆ ಕರೆದಳು. ಮುದ್ದೆ ಹಾಕಿದಳು. ಬೈಯಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಕೇರಿಯ ತುದಿಯಲ್ಲಿ ಆಟೋ ನಿಂತಿತು. ಇಳಿದವರು ಶಾಂತಾದೇವಿ. ನಿವೃತ್ತ ಹೈಸ್ಕೂಲು ಮೇಡಂ. ಸಂಘದಲ್ಲಿ ಒಂಬತ್ತು ಲಕ್ಷ ಇಟ್ಟು ಕಳಕೊಂಡವರು. ಸಭೆಯ ದಿನ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರನ್ನು ನಾನು ಗುರುತು ಹಿಡಿದೆ. ಅವ್ವ ಚಾಪೆ ಹಾಸಿದಳು. ಅವರು ಹೊರಗೇ ಕಲ್ಲಿನ ಮೇಲೆ ಕೂತರು.

"ಚಾಮುಂಡಮ್ಮನವರೇ," ಅಂದರು. ಅವ್ವನನ್ನು ಹಾಗೆ ಕರೆದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. "ನಿಮ್ಮ ವಿಡಿಯೋ ನೋಡಿದೆ. ನಿಮಗಿರೋ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಇಲ್ಲ. ನಮ್ಮ ಯಜಮಾನರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಇದ್ದದ್ದೆಲ್ಲ ಅಲ್ಲಿಟ್ಟಿದ್ದೆ." ಅವರ ಕಣ್ಣು ತುಂಬಿತು. ಅದು ನಾಟಕವಾಗಿರಲಿಲ್ಲ.

"ನೀವ್ಯಾಕೆ ದೂರು ಕೊಟ್ಟಿಲ್ಲ ಮೇಡಮ್ಮೋರೆ?" ಅಂದಳು ಅವ್ವ.

"ನಮ್ಮದು ಅವರದು ಒಂದೇ ಬಳಗ. ಮಠದಲ್ಲಿ, ಮದುವೇಲಿ ದಿನಾ ಮುಖ ನೋಡಬೇಕು. ಕೊಟ್ಟರೂ ಹತ್ತು ವರ್ಷ ಎಳೀತಾರೆ. ಆದರೆ ನಿಮ್ಮ ಜನಕ್ಕೆ ಬೇರೆ ಕಾನೂನಿದೆಯಲ್ಲ. ವಿಶ್ವನಾಥ್ ಜಾತಿ ಹೆಸರೆತ್ತಿ ಬೈದದ್ದು ವಿಡಿಯೋದಲ್ಲಿದೆ. ನೀವು ಆ ಕೇಸು ಹಾಕಿದರೆ ತಕ್ಷಣ ಅರೆಸ್ಟು. ಹೆದರಿ ಎಲ್ಲರ ದುಡ್ಡೂ ಕೊಡ್ತಾರೆ. ನಿಮ್ಮ ಹೆಸರಲ್ಲಿ ದೂರು, ಖರ್ಚು ನಮ್ಮದು. ದುಡ್ಡು ಬಂದ ಮೇಲೆ ರಾಜಿ ಮಾಡಿಕೊಳ್ಳೋಣ. ಲಾಯರ್ ಹತ್ರ ಮಾತಾಡಿದೀನಿ."

ಅವ್ವ ಒಳಗೆ ಹೋದಳು. ಸ್ಟೀಲಿನ ಲೋಟದಲ್ಲಿ ನೀರು ತಂದು ಅವರ ಮುಂದೆ ಇಟ್ಟಳು.

"ಬಿಸ್ಲಲ್ಲಿ ಬಂದಿದೀರಿ. ಕುಡೀರಿ. ಆಮ್ಯಾಕೆ ಮಾತಾಡನ."

ಶಾಂತಾದೇವಿ ಲೋಟವನ್ನು ನೋಡಿದರು. ಕೈಚೀಲದ ಪಟ್ಟಿ ಸರಿಮಾಡಿಕೊಂಡರು.

"ಈಗ ತಾನೇ ಕಾಫಿ ಕುಡಿದು ಬಂದೆ ಕಣ್ರೀ."

"ನೀರು ಮೇಡಮ್ಮೋರೆ. ಕಾಫಿ ಅಲ್ಲ."

"ಇಲ್ಲ, ಡಾಕ್ಟರು ಹೊರಗಿನ ನೀರು ಬೇಡ ಅಂದಿದಾರೆ."

ಆಟೋದವನು ಗಾಡಿ ಶುರು ಮಾಡಿದ, ಮತ್ತೆ ಆರಿಸಿದ.

"ಅವತ್ತು ನೀವು ಒಳಗಿದ್ರಿ, ನಾನು ಆಚೆ ಇದ್ದೆ. ಕಿಟ್ಕೀಲಿ ನೋಡುದ್ರಿ. ಇವತ್ತು ನನ್ ಜಾತಿ ನಿಮ್ ದುಡ್ಡು ವಸೂಲಿಗೆ ಬೇಕಾಯ್ತು. ನನ್ ನೀರು ಬ್ಯಾಡ. ಓಗಿ ಬನ್ನಿ."

"ತಪ್ಪು ತಿಳ್ಕೋಬೇಡಿ. ಇದರಲ್ಲಿ ನಿಮಗೂ ಒಳ್ಳೇದೇ."

"ಜಾತಿ ಎತ್ತಿ ಬೋದದ್ದು ನನ್ನ. ನಾನೇ ಬರೆಸ್ತೀನಿ. ರಾಜಿಗಲ್ಲ. ನಿಮ್ದು ನೀವು ಬರೆಸ್ಕಳಿ."

ಅವರು ಎದ್ದರು. ಆಟೋ ಹತ್ತಿದರು. ಆಟೋದ ಸದ್ದು ಅಡಗುವವರೆಗೆ ಅವ್ವ ನಿಂತಿದ್ದಳು. ಆಮೇಲೆ ಲೋಟ ಎತ್ತಿ ಆ ನೀರನ್ನು ತಾನೇ ಕುಡಿದಳು. ಪೂರ್ತಿ. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಸ್ಟೇಷನ್ನು ಎಷ್ಟೊತ್ತಿಗೆ ಬಾಗ್ಲು ತಗೀತಾರೆ ಮಗ?"

"ಅದು ಮುಚ್ಚೋದೇ ಇಲ್ಲ ಕಣವ್ವ."

"ಅಂಗಾರೆ ನಡಿ," ಅಂದಳು.